ಜೆರಾಲ್ಡೀನ್ ಫರಾರ್: ಗೀತನಾಟಕದಿಂದ ಮೂಕಚಿತ್ರಕ್ಕೆ

ಹಾಡುವವರಿಗೆ ಶಾರೀರವೇ ಸರ್ವಸ್ವವೆಂಬುದು ಲೋಕದ ನಂಬಿಕೆ. ಆ ಶಾರೀರವನ್ನು ಕಳೆದು, ಬರಿಯ ಶರೀರವನ್ನು ಮಾತ್ರ ಸಹಸ್ರಾರು ಜನರ ಮುಂದೆ ತಂದು ನಿಲ್ಲಿಸಿದರೆ, ಗಾಯಕಿಯೊಬ್ಬಳ ಕಲೆಯಲ್ಲಿ ಏನು ಉಳಿದೀತು? ಏನೂ ಉಳಿಯಲಾರದೆಂದು ಯಾರಾದರೂ ಥಟ್ಟನೆ ಉತ್ತರ ಕೊಟ್ಟಾರು. ಆದರೆ ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕಾ ದೇಶದ ಪ್ರಖ್ಯಾತ ಗಾಯಕಿಯೊಬ್ಬಳು ಈ ಪರೀಕ್ಷೆಗೆ ತನ್ನನ್ನು ತಾನೇ ಒಡ್ಡಿಕೊಂಡಳು, ಒಡ್ಡಿಕೊಂಡು ಗೆದ್ದಳು, ಗೆದ್ದ ಮೇಲೆ ಸೋಲನ್ನೂ ಕಂಡಳು. ಅವಳ ಹೆಸರು ಜೆರಾಲ್ಡೀನ್ ಫರಾರ್. ಅವಳ ಜೀವನವನ್ನೂ, ತೆರೆಯ ಮೇಲೆ ಅವಳು ಆಡಿದ ಪಾತ್ರಗಳನ್ನೂ ಕುರಿತು ನಾವು ಈಗ ಸ್ವಲ್ಪ ವಿಚಾರಮಾಡೋಣ.

ಪಾಶ್ಚಾತ್ಯರು ಆಪೆರಾ ಎಂದು ಕರೆಯುವುದು ಆದ್ಯಂತವೂ ಹಾಡಿನಿಂದಲೇ ನಡೆಯುವ ಗೀತನಾಟಕ. ಅಲ್ಲಿ ರಾಜನೂ ಹಾಡುತ್ತಾನೆ, ಸೇವಕನೂ ಹಾಡುತ್ತಾನೆ. ಪ್ರಣಯವೂ ಹಾಡು, ಮರಣವೂ ಹಾಡು. ದೊಡ್ಡ ವಾದ್ಯವೃಂದದ ಘೋಷವನ್ನು ಮೀರಿ ಕಟ್ಟಕಡೆಯ ಸಾಲಿನಲ್ಲಿ ಕುಳಿತವನ ಕಿವಿಗೂ ದನಿ ಮುಟ್ಟಬೇಕು. ಅದಕ್ಕೆ ಸಹಾಯಕವಾಗಿ ಯಂತ್ರವೊಂದೂ ಇರುತ್ತಿರಲಿಲ್ಲ. ಆದಕಾರಣ ಸ್ವರ ಚೆನ್ನಾಗಿದ್ದರೆ ಸಾಕು, ಅಭಿನಯ ಹೇಗಿದ್ದರೂ ನಡೆದೀತು ಎಂಬ ಉದಾಸೀನವು ಆ ರಂಗಭೂಮಿಯಲ್ಲಿ ಬಹುಕಾಲ ಬೇರೂರಿತ್ತು. ಸ್ಥೂಲಕಾಯರಾದ ಗಾಯಕರು ದೀಪದ ಸಾಲಿನ ಮುಂದೆ ಬಂದು ನಿಂತು, ಕೈಯನ್ನು ಎದೆಯ ಮೇಲಿಟ್ಟುಕೊಂಡು, ಹಾಡನ್ನು ಮುಗಿಸಿ ಹಿಂದಕ್ಕೆ ಸರಿಯುತ್ತಿದ್ದರು. ಈ ಉದಾಸೀನವನ್ನು ಸಹಿಸದೆ ಇದ್ದವರಲ್ಲಿ ಫರಾರಳೂ ಒಬ್ಬಳು.

ಆಕೆಯು ಹುಟ್ಟಿದ್ದು 1882ನೆಯ ಇಸವಿ ಫೆಬ್ರವರಿ 28ರಂದು, ಮ್ಯಾಸಚೂಸೆಟ್ಸ್ ಸಂಸ್ಥಾನದ ಮೆಲ್‌ರೋಸ್ ಎಂಬ ಪಟ್ಟಣದಲ್ಲಿ. ತಂದೆ ಸಿಡ್ನಿ ಫರಾರ್ ಫಿಲಡೆಲ್ಫಿಯಾ ತಂಡದಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಆಟಗಾರ; ತಾಯಿ ಹೆನ್ರಿಯೆಟ್ಟಾ ಸಂಗೀತದಲ್ಲಿ ಒಲವುಳ್ಳವಳು. ಮಗಳು ಗಾಯಕಿಯಾಗಲೇಬೇಕೆಂಬ ಹಟ ತಾಯಿಗೆ ಮಗಳಿಗಿಂತ ಹೆಚ್ಚಾಗಿತ್ತೆಂದರೂ ತಪ್ಪಾಗದು. ಆದರೆ ಆ ಕಾಲದಲ್ಲಿ ಅಮೆರಿಕಾದಲ್ಲಿ ಎಷ್ಟು ಕಲಿತರೂ ಯೂರೋಪಿನ ಮುದ್ರೆ ಬೀಳದೆ ಗಾಯಕರಿಗೆ ಮನ್ನಣೆ ದೊರೆಯುತ್ತಿರಲಿಲ್ಲ. ಸಂಸಾರದಲ್ಲಿ ಅಷ್ಟು ಹಣವಿರಲಿಲ್ಲ. ಶ್ರೀಮಂತ ಮಹಿಳೆಯೊಬ್ಬಳು ಸಾಲಕೊಡಲು ಮುಂದೆ ಬಂದಳು. ತಂದೆ, ತಾಯಿ, ಮಗಳು ಮೂವರೂ ಆ ಸಾಲವನ್ನು ನಂಬಿಕೊಂಡು ಸಮುದ್ರವನ್ನು ದಾಟಿದರು. ಮುಂದೆ ಫರಾರಳು ಆ ಸಾಲವನ್ನು ಪೂರ್ತಿಯಾಗಿ ತೀರಿಸಿದಳೆಂಬುದನ್ನು ನಾವು ಇಲ್ಲಿಯೇ ಹೇಳಿಬಿಡುವುದು ಉಚಿತ.

ಪ್ಯಾರಿಸ್ಸಿನಲ್ಲಿ ಕೆಲಕಾಲ, ಬರ್ಲಿನ್ನಿನಲ್ಲಿ ಕೆಲಕಾಲ ಶಿಕ್ಷಣ ನಡೆಯಿತು. 1901ನೆಯ ಇಸವಿ ಅಕ್ಟೋಬರ್ 15ರಂದು ಬರ್ಲಿನ್ನಿನ ರಾಜಾಸ್ಥಾನದ ಗೀತನಾಟಕಶಾಲೆಯಲ್ಲಿ ಗೂನೋ ರಚಿಸಿದ 'ಫೌಸ್ಟ್' ನಾಟಕದ ಮಾರ್ಗರೀಟಳಾಗಿ ಆಕೆ ಮೊದಲ ಸಲ ರಂಗವನ್ನೇರಿದಳು. ಆಗ ವಯಸ್ಸು ಹತ್ತೊಂಬತ್ತು. ಮರುದಿನದಿಂದಲೇ ನಗರದಲ್ಲಿ ಅವಳ ಮಾತು. ಜರ್ಮನಿಯ ಯುವರಾಜನ ಹೆಸರನ್ನು ಅವಳ ಹೆಸರಿನೊಡನೆ ಜೋಡಿಸಿ ಪತ್ರಿಕೆಗಳು ಕಥೆ ಕಟ್ಟಿದವು. ಇಂಥ ಕಥೆಗಳಿಗಿಂತ ಮುಖ್ಯವಾದದ್ದು, ಅವಳು ಲಿಲ್ಲಿ ಲೇಮಾನ್ ಎಂಬ ಮಹಾಗಾಯಕಿಯ ಬಳಿ ಶಿಷ್ಯೆಯಾಗಿ ಸೇರಿದ್ದು. ಆ ಗುರು ಬಲು ಕಟ್ಟುನಿಟ್ಟಿನವಳು. ಕೊರಳಿನ ಕೆಲಸವನ್ನು ಲವಲೇಶವೂ ಸಡಿಲಿಸಗೊಡಳು. ಫರಾರಳ ಸ್ವಭಾವದ ಆತುರಕ್ಕೆ ಈ ಅಂಕುಶ ಬೇಕಾಗಿತ್ತು. 1904ರಲ್ಲಿ ಮಾಂಟೆ ಕಾರ್ಲೋ ನಗರದಲ್ಲಿ ಎನ್ರಿಕೋ ಕರೂಸೋ ಎಂಬ ಇಟಲಿಯ ಗಾಯಕಶ್ರೇಷ್ಠನೊಡನೆ ಹಾಡುವ ಅವಕಾಶ ದೊರೆಯಿತು. ಅಂದಿನಿಂದ ಇಬ್ಬರ ಹೆಸರೂ ಜನರ ಬಾಯಲ್ಲಿ ಜೋಡಿಯಾಗಿ ನಿಂತಿತು.

1906ನೆಯ ಇಸವಿ ನವೆಂಬರ್ 26ರಂದು ನ್ಯೂಯಾರ್ಕ್ ನಗರದ ಮೆಟ್ರೋಪಾಲಿಟನ್ ಗೀತನಾಟಕಶಾಲೆಯ ಆ ವರ್ಷದ ಆರಂಭದ ರಾತ್ರಿಯಲ್ಲಿ ಆಕೆ ಜೂಲಿಯೆಟ್ಟಳಾಗಿ ಸ್ವದೇಶದವರ ಮುಂದೆ ನಿಂತಳು. ಸಾಲಮಾಡಿ ಹೋದವಳು ಕೀರ್ತಿವಂತೆಯಾಗಿ ಮರಳಿದ್ದಳು. ಮರುವರ್ಷ ಫೆಬ್ರವರಿ 11ರಂದು ಅದೇ ಶಾಲೆಯಲ್ಲಿ ಪುಚ್ಚೀನಿಯ 'ಮದಾಮಾ ಬಟರ್‌ಫ್ಲೈ' ಮೊದಲ ಸಲ ಪ್ರಯೋಗವಾಯಿತು. ಜಪಾನೀ ಹುಡುಗಿಯ ನಡೆನುಡಿಗಳನ್ನು ತಿಳಿಯಲು ಫರಾರಳು ಜಪಾನಿನ ನಟಿಯೊಬ್ಬಳಿಂದ ಪಾಠ ಹೇಳಿಸಿಕೊಂಡಳು. ಪ್ರೇಕ್ಷಕವೃಂದದಲ್ಲಿದ್ದ ಪುಚ್ಚೀನಿಗೆ ಅವಳ ಹಾಡು ಪೂರ್ಣವಾಗಿ ಹಿಡಿಸಲಿಲ್ಲ; ಜನರಿಗೆ ಹಿಡಿಸಿತು. ಕರ್ತೃವಿನ ಅತೃಪ್ತಿ, ಜನರ ಸಂತೋಷ: ಈ ಎರಡನ್ನೂ ನಾವು ಜ್ಞಾಪಕದಲ್ಲಿಡುವುದು ಅವಶ್ಯ. ಅವಳ ಕಲೆಯ ಗುಣವೂ ದೋಷವೂ ಅಲ್ಲಿಯೇ ಒಟ್ಟಿಗೆ ಕಾಣುತ್ತವೆ. ಭಾವದ ಆವೇಗದಲ್ಲಿ ಅವಳು ಕೊರಳನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಪಾತ್ರಕ್ಕಾಗಿ ಸ್ವರವನ್ನು ವೆಚ್ಚಮಾಡುತ್ತಿದ್ದಳು.

1910ನೆಯ ಇಸವಿ ಡಿಸೆಂಬರ್ 28ರಂದು ಹಂಪರ್‌ಡಿಂಕ್ ಎಂಬ ಜರ್ಮನ್ ಕರ್ತೃವಿನ 'ಕೋನಿಗ್ಸ್‌ಕಿಂಡರ್' ಎಂಬ ನಾಟಕ ಲೋಕದಲ್ಲೇ ಮೊದಲ ಬಾರಿಗೆ ನ್ಯೂಯಾರ್ಕಿನಲ್ಲಿ ಪ್ರಯೋಗವಾಯಿತು. ಅದರಲ್ಲಿ ನಾಯಿಕೆ ಹೆಬ್ಬಾತುಗಳನ್ನು ಕಾಯುವ ಹುಡುಗಿ. ಬೊಂಬೆಯ ಹಕ್ಕಿಗಳು ಬೇಡವೆಂದು ಫರಾರಳು ಜೀವಂತವಾದ ಹೆಬ್ಬಾತುಗಳನ್ನೇ ರಂಗಕ್ಕೆ ತರಿಸಿ ಪಳಗಿಸಿದಳು. ಪರದೆ ಬಿದ್ದ ಮೇಲೆ ಒಂದು ಹೆಬ್ಬಾತನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಪ್ರೇಕ್ಷಕರಿಗೆ ವಂದಿಸಿದಳು. ಇಂಥ ಲವಲವಿಕೆಗೆ ನ್ಯೂಯಾರ್ಕಿನ ಹುಡುಗಿಯರು ಮನಸೋತು ಗುಂಪುಗುಂಪಾಗಿ ಅವಳನ್ನು ಹಿಂಬಾಲಿಸತೊಡಗಿದರು. ಅವರಿಗೆ 'ಜೆರಿ-ಫ್ಲ್ಯಾಪರ್' ಎಂಬ ಅಡ್ಡಹೆಸರೇ ಬಿದ್ದಿತು. ವಿಕ್ಟರ್ ಕಂಪೆನಿಯವರು ಅವಳ ಗಾನಮುದ್ರಿಕೆಗಳನ್ನು ಹೊರತಂದರು. ಮೆಟ್ರೋಪಾಲಿಟನ್ನಿನ ಬಾಗಿಲನ್ನು ಎಂದೂ ಕಾಣದವರೂ ಅವಳ ದನಿಯನ್ನು ಮನೆಯಲ್ಲಿ ಕೇಳುವಂತಾಯಿತು.

ಹೀಗಿರುವಲ್ಲಿ 1914ರಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿ ಹಾಡಿ ಬೇಸಗೆಯಲ್ಲಿ ಯೂರೋಪಿಗೆ ಹೋಗುವುದು ಗಾಯಕರ ವಾಡಿಕೆ. ಯುದ್ಧದಿಂದ ಆ ದಾರಿ ಮುಚ್ಚಿತು. ಅದೂ ಅಲ್ಲದೆ ವರ್ಷಗಟ್ಟಲೆ ದುಡಿಸಿಕೊಂಡ ಕೊರಳು ವಿಶ್ರಾಂತಿಯನ್ನು ಬೇಡುತ್ತಿತ್ತು. ಆ ಸಮಯಕ್ಕೆ ಸರಿಯಾಗಿ ಜೆಸ್ಸಿ ಲ್ಯಾಸ್ಕಿ ಎಂಬ ಚಿತ್ರೋದ್ಯಮಿಯು ಅವಳನ್ನು ಹಾಲಿವುಡ್ಡಿಗೆ ಆಹ್ವಾನಿಸಿದನು. ಹಾಡಬೇಕಾಗಿಲ್ಲ, ಅಭಿನಯಿಸಿದರೆ ಸಾಕು. ಪ್ರಯಾಣಕ್ಕೆ ಪ್ರತ್ಯೇಕವಾದ ರೈಲುಬಂಡಿ, ಇರಲು ಮನೆ, ಆಳುಕಾಳು, ಮೋಟಾರು ಎಲ್ಲವನ್ನೂ ಒದಗಿಸುವುದಾಗಿ ಮಾತುಕೊಟ್ಟನು.

ಈಗ ನಮಗೆ ಇದೇನು ಮಹಾ ಎನ್ನಿಸಬಹುದು. ಆದರೆ ಆಗಿನ ಚಿತ್ರಗಳು ಮೂಕಚಿತ್ರಗಳು. ಗೌರವಸ್ಥರು ಅವುಗಳನ್ನು ಸಂತೆಯ ವಿನೋದವೆಂದು ಎಣಿಸುತ್ತಿದ್ದರು. ಗೀತನಾಟಕದ ರಾಣಿಯೊಬ್ಬಳು ಅಲ್ಲಿಗೆ ಇಳಿದು ಹೋಗುವುದು ಅನೇಕರಿಗೆ ಸರಿಬೀಳಲಿಲ್ಲ. ಈ ದಾರಿಯನ್ನು ತುಳಿದವರಲ್ಲಿ ಅವಳೇ ಮೊದಲಿಗಳಲ್ಲವೆಂಬುದನ್ನೂ ಹೇಳಬೇಕು. ಇಟಲಿಯ ಗಾಯಕಿ ಲೀನಾ ಕವಲಿಯೇರಿಯು 1914ರಲ್ಲಿಯೇ ತೆರೆಯ ಮೇಲೆ ಕಾಣಿಸಿಕೊಂಡಿದ್ದಳು. 1915ರಲ್ಲಿ ರಷ್ಯಾದ ಶಲ್ಯಾಪಿನ್ ಭಯಂಕರ ಈವಾನ್ ದೊರೆಯ ಪಾತ್ರದಲ್ಲಿ ಚಿತ್ರವೊಂದನ್ನು ಆಡಿದನು. ಆದರೆ ಮೆಟ್ರೋಪಾಲಿಟನ್ನಿನಲ್ಲಿ ಕೀರ್ತಿಯ ಶಿಖರದಲ್ಲಿದ್ದವಳು ತನ್ನ ಹೆಸರನ್ನೇ ಪಣವೊಡ್ಡಿದಾಗ ಎಲ್ಲರ ದೃಷ್ಟಿಯೂ ಅತ್ತ ತಿರುಗಿತು.

ಅವಳಿಗೆ ನಿರ್ದೇಶಕನಾಗಿ ದೊರೆತವನು ಸೆಸಿಲ್ ಡಿ ಮಿಲ್. ಅವನು ಒಂದು ಯುಕ್ತಿ ಮಾಡಿದನು. ಜನರು ಕಾದಿದ್ದದ್ದು 'ಕಾರ್ಮೆನ್' ಚಿತ್ರಕ್ಕಾಗಿ. ಕ್ಯಾಮೆರಾದ ಪರಿಚಯವಿಲ್ಲದವಳನ್ನು ಮೊದಲೇ ಆ ಪಾತ್ರಕ್ಕೆ ನಿಲ್ಲಿಸದೆ, 'ಮಾರಿಯಾ ರೋಸಾ' ಎಂಬ ಬೇರೊಂದು ಚಿತ್ರವನ್ನು ಮುಂಚೆ ತೆಗೆದು ಕೈ ಪಳಗಿಸಿದನು; ಆಮೇಲೆ 'ಕಾರ್ಮೆನ್' ಚಿತ್ರವನ್ನು ತೆಗೆದು ಅದನ್ನೇ ಮೊದಲು ಹೊರಕ್ಕೆ ಬಿಟ್ಟನು. ಇನ್ನೂ ಒಂದು ತೊಡಕಿತ್ತು. ಬಿಜೆಯ ಗೀತನಾಟಕದ ಸಾಹಿತ್ಯಕ್ಕೆ ಹಕ್ಕುದಾರರು ಹೆಚ್ಚು ಹಣ ಕೇಳಿದರು. ಆದಕಾರಣ ನಿರ್ದೇಶಕನ ಅಣ್ಣ ವಿಲಿಯಂ, ಆ ಗೀತನಾಟಕಕ್ಕೆ ಮೂಲವಾದ ಮೆರಿಮೆಯ ಕಥೆಯನ್ನೇ ಹಿಡಿದು ಚಿತ್ರಕಥೆಯನ್ನು ಬರೆದನು.

ಫರಾರಳು ಒಂದು ಕೋರಿಕೆಯನ್ನು ಮುಂದಿಟ್ಟಳು: ಅಭಿನಯದ ಕಾಲದಲ್ಲಿ ಪಕ್ಕದಲ್ಲಿ ವಾದ್ಯಗಾರರು ಕುಳಿತು ಭಾವಕ್ಕೆ ತಕ್ಕಂತೆ ನುಡಿಸುತ್ತಿರಬೇಕು. ಕ್ಯಾಮೆರಾಕ್ಕೆ ಕಿವಿಯಿಲ್ಲ, ಆ ಸಂಗೀತವನ್ನು ಪ್ರೇಕ್ಷಕರಾರೂ ಕೇಳಲಾರರು. ಆದರೂ ಅದು ನಟಿಯ ಮುಖದಲ್ಲಿ ಮೂಡಿ ತೆರೆಗೆ ಬರುತ್ತಿತ್ತು. ಮುಂದೆ ಮೂಕಚಿತ್ರಗಳ ನಿರ್ಮಾಣಶಾಲೆಗಳಲ್ಲಿ ಈ ಪದ್ಧತಿ ರೂಢಿಯೇ ಆಯಿತು.

1915ನೆಯ ಇಸವಿ ಅಕ್ಟೋಬರ್ 1ರಂದು, ಅವಳ ಹುಟ್ಟೂರಿಗೆ ಸಮೀಪದ ಬಾಸ್ಟನ್ ನಗರದ ಸಿಂಫನಿ ಭವನದಲ್ಲಿ 'ಕಾರ್ಮೆನ್' ಚಿತ್ರದ ಮೊದಲ ಪ್ರದರ್ಶನ ನಡೆಯಿತು. ಸಂಗೀತಕ್ಕೆಂದೇ ಕಟ್ಟಿದ ಭವನ. ತೆರೆಯ ಮೇಲೆ ತುಟಿಗಳು ಅಲುಗುತ್ತಿವೆ, ದನಿಯಿಲ್ಲ. ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಮತ್ತೊಬ್ಬ ಹುಡುಗಿಯ ಮೇಲೆ ಬಿದ್ದು ಜುಟ್ಟು ಹಿಡಿದು ಕಾದಾಡುವ ಕಾರ್ಮೆನ್, ಡಾನ್ ಹೋಸೆಯನ್ನು ಕಣ್ಣಂಚಿನಲ್ಲೇ ಬೀಳಿಸಿಕೊಳ್ಳುವ ಕಾರ್ಮೆನ್, ಸಾವಿನ ಮುಂದೆ ತಲೆಯೆತ್ತಿ ನಿಲ್ಲುವ ಕಾರ್ಮೆನ್! ಜನರು ಮೆಚ್ಚಿದರು. ಅದೇ ವರ್ಷ ಬೇರೊಂದು ಕಂಪೆನಿಯವರು ಥೀಡಾ ಬಾರಾ ಎಂಬ ನಟಿಯನ್ನಿಟ್ಟುಕೊಂಡು ಪೈಪೋಟಿಗೆ ಇನ್ನೊಂದು 'ಕಾರ್ಮೆನ್' ತೆಗೆದರು. ಚಾರ್ಲಿ ಚಾಪ್ಲಿನ್ನನು ಈ ಕಥೆಯ ಅಣಕವನ್ನೇ ಒಂದು ಹಾಸ್ಯಚಿತ್ರವಾಗಿ ಮಾಡಿದನು. ಅಣಕಕ್ಕೆ ಗುರಿಯಾಗುವುದೂ ಒಂದು ಬಗೆಯ ಕೀರ್ತಿಯೇ ಸರಿ.

ಚಿತ್ರದಿಂದ ರಂಗಕ್ಕೆ ಮರಳಿದಾಗ ಒಂದು ಸ್ವಾರಸ್ಯ ನಡೆಯಿತು. 1916ರ ಫೆಬ್ರವರಿಯಲ್ಲಿ ಮೆಟ್ರೋಪಾಲಿಟನ್ನಿನಲ್ಲಿ ಕಾರ್ಮೆನ್ನಳಾಗಿ ಹಾಡುವಾಗ ಅವಳು ತೆರೆಯ ಮೇಲಿನ ಸಹಜಾಭಿನಯವನ್ನು ರಂಗಕ್ಕೂ ತಂದಳು. ಮೇಳದ ಹುಡುಗಿಯೊಬ್ಬಳನ್ನು ನಿಜವಾಗಿಯೇ ಅಲುಗಾಡಿಸಿದಳು. ಡಾನ್ ಹೋಸೆಯಾಗಿದ್ದ ಕರೂಸೋವಿನ ಕೆನ್ನೆಗೆ ನಿಜವಾಗಿಯೇ ಹೊಡೆದಳು. ಕರೂಸೋ ಕೆರಳಿದನು, ಪತ್ರಿಕೆಗಳಿಗೆ ಹಬ್ಬವಾಯಿತು. ಕೊನೆಗೆ ಇಬ್ಬರೂ ರಾಜಿಯಾಗಿ ಮತ್ತೆ ಒಟ್ಟಿಗೆ ಹಾಡಿದರೆನ್ನಿ. ಈ ಪ್ರಸಂಗವನ್ನು ಕೇವಲ ಜಗಳವೆಂದು ತಳ್ಳಿಹಾಕುವುದು ನಮಗೆ ಸರಿತೋರದು. ಕ್ಯಾಮೆರಾವು ಹತ್ತಿರದಿಂದ ನೋಡುತ್ತದೆ, ರಂಗಭೂಮಿಯು ದೂರದಿಂದ ನೋಡುತ್ತದೆ. ಎರಡು ಶಾಸ್ತ್ರಗಳೂ ಆ ಸಂಜೆ ಒಂದೇ ವೇದಿಕೆಯ ಮೇಲೆ ಡಿಕ್ಕಿಹೊಡೆದವು.

ಅವಳ ಚಿತ್ರಜೀವನದ ಶಿಖರವೆಂದರೆ 1916ನೆಯ ಇಸವಿ ಡಿಸೆಂಬರ್ 25ರಂದು ಮೊದಲು ಪ್ರದರ್ಶಿತವಾದ 'ಜೋನ್ ದಿ ವುಮನ್'. ಫ್ರಾನ್ಸಿನ ವೀರಕನ್ಯೆ ಜೋನಳ ಚರಿತ್ರೆ ಅದು. ಕಥೆಯು ಆರಂಭವಾಗುವುದು ಮಹಾಯುದ್ಧದ ಕಂದಕದಲ್ಲಿ. ಆಂಗ್ಲ ಸೈನಿಕನೊಬ್ಬನಿಗೆ ಹಳೆಯ ಕತ್ತಿಯೊಂದು ದೊರೆಯುತ್ತದೆ. ಜೋನಳ ಕಥೆಯು ಅವನ ಕಣ್ಮುಂದೆ ನಡೆಯುತ್ತದೆ. ಹಿಂದಿನ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ ಅವನು ಫ್ರಾನ್ಸಿಗಾಗಿ ಪ್ರಾಣಕೊಡುತ್ತಾನೆ. ಮೂವತ್ತನಾಲ್ಕು ವರ್ಷದ ಗಾಯಕಿಯು ಹದಿಹರೆಯದ ಹಳ್ಳಿಯ ಹುಡುಗಿಯಾಗಿ ಕಾಣಬೇಕಾಗಿತ್ತು. ಲೋಹದ ಕವಚವನ್ನು ತೊಟ್ಟು ಯುದ್ಧದ ದೃಶ್ಯಗಳಲ್ಲಿ ನಿಲ್ಲಬೇಕಾಗಿತ್ತು. ಕೊನೆಯಲ್ಲಿ ಚಿತೆಯ ದೃಶ್ಯ. ಕಪ್ಪುಬಿಳುಪಿನ ಫಿಲ್ಮಿನ ಮೇಲೆ ಜ್ವಾಲೆಗಳಿಗೆ ಮಾತ್ರ ಬಣ್ಣಕೊಡುವ ಹೊಸ ವಿಧಾನವೊಂದನ್ನು ಈ ಚಿತ್ರದಲ್ಲಿ ಉಪಯೋಗಿಸಿದರು. ಕೆಂಬಣ್ಣದ ಬೆಂಕಿಯ ನಡುವೆ ಬಿಳಿಚಿದ ಆ ಮುಖ ಇಂದಿಗೂ ನೋಡಿದವರನ್ನು ಕಲಕದೆ ಬಿಡದು.

ಇದರ ಹಿಂದೆ ಇನ್ನೊಂದು ನೋವೂ ಇತ್ತು. ಬರ್ಲಿನ್ನಿನ ಪ್ರೀತಿಯಲ್ಲಿ ಬೆಳೆದವಳಾದ್ದರಿಂದ ಫರಾರಳು ಜರ್ಮನಿಯ ಪಕ್ಷಪಾತಿಯೆಂಬ ಆರೋಪವು ಯುದ್ಧಕಾಲದಲ್ಲಿ ಅವಳನ್ನು ಕಾಡುತ್ತಿತ್ತು. ಅದೇ ಕಾಲದಲ್ಲಿ ಅವಳು ಫ್ರಾನ್ಸಿನ ವೀರಕನ್ಯೆಯಾಗಿ ತೆರೆಗೆ ಬಂದಳು. 1917ರ ಏಪ್ರಿಲಿನಲ್ಲಿ ಅಮೆರಿಕಾ ಯುದ್ಧಕ್ಕಿಳಿಯಿತು. ಕಲಾವಿದರು ತಾವು ಕಲಿತ ನಾಡಿಗೆ ಕೃತಜ್ಞರಾಗಿದ್ದರೆ ಅದೇ ಅಪರಾಧವಾಗುವ ಕಾಲವೂ ಒಮ್ಮೊಮ್ಮೆ ಬರುತ್ತದೆ!

ಶಿಖರದ ಆಚೆಗೆ ಇಳಿಜಾರು. 1917ರಲ್ಲಿ ಡಿ ಮಿಲ್ಲನ ನಿರ್ದೇಶನದಲ್ಲಿ ಇನ್ನೆರಡು ಚಿತ್ರಗಳಾದವು. 1916ರ ಫೆಬ್ರವರಿಯಲ್ಲಿ ಆಕೆಯು ಲೂ ಟೆಲ್ಲೆಗೆನ್ ಎಂಬ ನಟನನ್ನು ಮದುವೆಯಾಗಿದ್ದಳು. ಆ ಪತಿಗೆ ನಿರ್ದೇಶಕನಾಗುವ ಹಂಬಲ. ಆ ಕಾರಣವಾಗಿ ಕಂಪೆನಿಯವರೊಡನೆ ವೈಮನಸ್ಯ ಬೆಳೆಯಿತು. ಪತಿಯ ಪಕ್ಷವನ್ನು ವಹಿಸಿ ಅವಳು ಆ ಕಂಪೆನಿಯನ್ನು ಬಿಟ್ಟು ಸ್ಯಾಮ್ಯುಯೆಲ್ ಗೋಲ್ಡ್‌ವಿನ್ನನ ಬಳಿಗೆ ಹೋದಳು. ಅಲ್ಲಿ ಏಳು ಚಿತ್ರಗಳಲ್ಲಿ ಆಡಿದಳು. ಆದರೆ ಡಿ ಮಿಲ್ಲನಂಥ ಸೂತ್ರಧಾರನಿಲ್ಲ, ಕಥೆಗಳಲ್ಲಿ ಸತ್ತ್ವವಿಲ್ಲ, ಹಗಲುಬೆಳಕಿನಂಥ ದೀಪಗಳ ಮುಂದೆ ವಯಸ್ಸನ್ನು ಮರೆಸುವುದು ವರ್ಷವರ್ಷಕ್ಕೂ ಕಷ್ಟ. ಹಣ ಹುಟ್ಟುತ್ತಿಲ್ಲವೆಂದು ಗೋಲ್ಡ್‌ವಿನ್ನನು ಸಂಕೋಚದಿಂದ ತಿಳಿಸಿದಾಗ, ಇನ್ನೂ ಅವಧಿಯಿದ್ದ ಒಪ್ಪಂದವನ್ನು ಅವಳೇ ಬಿಟ್ಟುಕೊಟ್ಟಳೆಂದು ಆತನೇ ತನ್ನ ನೆನಪುಗಳಲ್ಲಿ ಮೆಚ್ಚಿ ಬರೆದಿದ್ದಾನೆ. ಬರಬೇಕಾಗಿದ್ದ ದೊಡ್ಡ ಮೊತ್ತವನ್ನು ನ್ಯಾಯಾಸ್ಥಾನಕ್ಕೆ ಹೋಗಿ ಕೇಳಬಹುದಾಗಿತ್ತು, ಕೇಳಲಿಲ್ಲ. 1920ರಲ್ಲಿ ಮತ್ತೊಂದು ಕಂಪೆನಿಗಾಗಿ ಒಂದು ಚಿತ್ರವನ್ನು ಮುಗಿಸಿ ತೆರೆಗೆ ವಿದಾಯ ಹೇಳಿದಳು. ಒಟ್ಟು ಚಿತ್ರಗಳು 14.

ಅವಳ ಗೆಲುವಿನ ಅಳತೆಯನ್ನು ತಿಳಿಯಬೇಕಾದರೆ ಇತರರ ಸೋಲನ್ನೂ ನೋಡಬೇಕು. ಮೇರಿ ಗಾರ್ಡನ್ ಎಂಬ ಹೆಸರಾಂತ ಗಾಯಕಿಯು 1917ರಲ್ಲಿ 'ಥಾಯಿಸ್' ಚಿತ್ರದಲ್ಲಿ ಆಡಿದಳು, ಜನರು ಒಲಿಯಲಿಲ್ಲ. 1918ರಲ್ಲಿ ಸಾಕ್ಷಾತ್ ಕರೂಸೋವೇ 'ಮೈ ಕಸಿನ್' ಎಂಬ ಚಿತ್ರದಲ್ಲಿ ಪ್ರಸಿದ್ಧ ಗಾಯಕನಾಗಿಯೂ, ಬೊಂಬೆ ಮಾಡುವ ಬಡ ಬಂಧುವಾಗಿಯೂ ಎರಡು ಪಾತ್ರಗಳನ್ನು ವಹಿಸಿದನು, ಅದೂ ಸೋತಿತು. ಲೋಕವನ್ನೇ ಮರುಳುಮಾಡಿದ ಕೊರಳು ತೆರೆಯ ಮೇಲೆ ನಿರುಪಯೋಗವಾಯಿತು. ಫರಾರಳ ಕೊರಳು ಕರೂಸೋವಿನದಕ್ಕೆ ಸಮನಲ್ಲ. ಆದರೆ ನಮ್ಮ ಭರತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ವಾಚಿಕವನ್ನು ಕಳೆದ ಮೇಲೂ ಆಂಗಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಮೂರು ಅಭಿನಯಗಳು ಅವಳಲ್ಲಿ ತುಂಬಿದ್ದವು. ಗೀತನಾಟಕದ ಪಂಡಿತರು ಯಾವುದನ್ನು ಅವಳ ದೋಷವೆಂದು ಎಣಿಸಿದ್ದರೋ, ಅಂದರೆ ಸ್ವರಕ್ಕಿಂತ ಭಾವವನ್ನು ಮುಂದುಮಾಡುವುದು, ಅದೇ ಅವಳನ್ನು ಮೂಕಚಿತ್ರದಲ್ಲಿ ಕಾಪಾಡಿತು.

ನಾಲ್ವತ್ತನೆಯ ವಯಸ್ಸಿಗೆ ಗೀತನಾಟಕದಿಂದ ನಿವೃತ್ತಳಾಗುವೆನೆಂದು ಅವಳು ಮೊದಲೇ ಹೇಳಿದ್ದಳು. ಇಂಥ ಮಾತನ್ನು ಆಡುವವರು ಬಹಳ, ನಡೆಸುವವರು ವಿರಳ. 1922ನೆಯ ಇಸವಿ ಏಪ್ರಿಲ್ 22ರಂದು, ನಾಲ್ವತ್ತು ತುಂಬಿ ಎರಡು ತಿಂಗಳು ಕಳೆಯುವುದರೊಳಗಾಗಿ, 'ಜಾಜಾ' ಎಂಬ ನಾಟಕದಲ್ಲಿ ಮೆಟ್ರೋಪಾಲಿಟನ್ನಿನ ಪ್ರೇಕ್ಷಕರಿಗೆ ಕೊನೆಯ ಸಲ ಹಾಡಿದಳು. ಹದಿನಾರು ವರ್ಷಗಳಲ್ಲಿ ಅಲ್ಲಿ ಅವಳು ರಂಗವೇರಿದ್ದು ಆರುನೂರಕ್ಕೂ ಹೆಚ್ಚು ಸಲ. ಹುಡುಗಿಯರು ಅವಳಿಗೆ ಕಿರೀಟವನ್ನಿಟ್ಟು, ಕೈಗೆ ರಾಜದಂಡವನ್ನು ಕೊಟ್ಟು, ಬೀದಿಯಲ್ಲಿ ಮೆರವಣಿಗೆ ಮಾಡಿದರು. ಸ್ವರವು ಸವೆಯತೊಡಗಿತ್ತು, ಅದು ಅವಳಿಗೆ ಎಲ್ಲರಿಗಿಂತ ಮೊದಲು ತಿಳಿದಿತ್ತು. ಜನರು ಸಾಕೆನ್ನುವ ಮುನ್ನ ತಾನೇ ಸಾಕೆಂದು ಎದ್ದುಹೋದಳು. 1923ರಲ್ಲಿ ವಿವಾಹವಿಚ್ಛೇದವಾಯಿತು. ಕಚೇರಿಗಳಲ್ಲಿ ಮಾತ್ರ 1931ರವರೆಗೆ ಹಾಡುತ್ತಿದ್ದು, ಬಳಿಕ ಅದನ್ನೂ ಬಿಟ್ಟಳು.

ಇಲ್ಲಿ ಕಾಲನ ಹಾಸ್ಯವನ್ನು ಗಮನಿಸಬೇಕು. ಅವಳು ತೆರೆಯನ್ನು ಬಿಟ್ಟ ಆರು ವರ್ಷಕ್ಕೆ, 1926ನೆಯ ಇಸವಿ ಆಗಸ್ಟ್ 6ರಂದು, ಅದೇ ಮೆಟ್ರೋಪಾಲಿಟನ್ನಿನ ಗಾಯಕ ಮಾರ್ಟಿನೆಲ್ಲಿಯು ತೆರೆಯ ಮೇಲೆ ಬಾಯಿತೆರೆದಾಗ ದನಿಯೂ ಕೇಳಿಬಂದಿತು. ಚಿತ್ರಕ್ಕೆ ಬಾಯಿ ಬರುವ ಹೊತ್ತಿಗೆ ಫರಾರಳು ತೆರೆಯಿಂದ ದೂರವಾಗಿದ್ದಳು. ಆದರೆ ಇನ್ನೊಂದು ಯಂತ್ರ ಅವಳನ್ನು ಕಾದಿತ್ತು. 1934-35ರ ಋತುವಿನಲ್ಲಿ ಮೆಟ್ರೋಪಾಲಿಟನ್ನಿನ ನಾಟಕಗಳನ್ನು ರೇಡಿಯೋದಲ್ಲಿ ಪ್ರಸಾರಮಾಡುವಾಗ, ಅಂಕಗಳ ನಡುವಣ ಬಿಡುವಿನಲ್ಲಿ ಆಕೆಯು ಕಥೆಯನ್ನೂ ಸಂಗೀತವನ್ನೂ ವಿವರಿಸಿ ಮಾತನಾಡಿದಳು. ಮೊದಲು ದನಿಯಿಲ್ಲದ ಮುಖವಾಗಿ ಜನರ ಮುಂದೆ ಬಂದವಳು ಈಗ ಮುಖವಿಲ್ಲದ ದನಿಯಾಗಿ ಅವರ ಮನೆಗಳಿಗೆ ಬಂದಳು. ಆಕಾಶದ ಅಲೆಗಳ ಮೂಲಕ ನಿಮ್ಮೊಡನೆ ಮಾತನಾಡುವ ನಮಗೆ ಈ ಸಂಗತಿ ವಿಶೇಷವಾಗಿ ಪ್ರಿಯವಾದರೆ ಆಶ್ಚರ್ಯವಿಲ್ಲ. 1938ರಲ್ಲಿ ಆತ್ಮಕಥೆಯೊಂದನ್ನು ಪ್ರಕಟಿಸಿದಳು. ಅದರಲ್ಲಿ ಒಂದು ಅಧ್ಯಾಯವನ್ನು ತಾನೂ, ಇನ್ನೊಂದನ್ನು ತೀರಿಹೋದ ತನ್ನ ತಾಯಿಯೂ ಹೇಳುವಂತೆ ಬರೆದಿದ್ದಾಳೆ. ಸಾಲಮಾಡಿ ಸಮುದ್ರ ದಾಟಿಸಿದ ತಾಯಿಯ ಋಣವನ್ನು ತೀರಿಸಲು ಅವಳಿಗೆ ತೋರಿದ ದಾರಿ ಅದು. ಕನೆಕ್ಟಿಕಟ್ ಸಂಸ್ಥಾನದ ರಿಡ್ಜ್‌ಫೀಲ್ಡಿನಲ್ಲಿ 1967ನೆಯ ಇಸವಿ ಮಾರ್ಚ್ 11ರಂದು, ಎಂಬತ್ತೈದನೆಯ ವಯಸ್ಸಿನಲ್ಲಿ ಕಾಲವಾದಳು.

ಅವಳಿಂದ ನಮಗೆ ಉಳಿದಿರುವುದೇನು? ಗಾನಮುದ್ರಿಕೆಗಳಿವೆ, ಅವುಗಳಲ್ಲಿ ದನಿಯುಂಟು, ಕಣ್ಣಿಲ್ಲ. 'ಕಾರ್ಮೆನ್', 'ಜೋನ್ ದಿ ವುಮನ್' ಮುಂತಾದ ಕೆಲವು ಚಿತ್ರಗಳು ನಾಶವಾಗದೆ ಉಳಿದಿವೆ. ಅವುಗಳಲ್ಲಿ ಕಣ್ಣುಂಟು, ದನಿಯಿಲ್ಲ. ದನಿಯೂ ಕಣ್ಣೂ ಒಂದಾಗಿ ಬೆಳಗಿದ ಆ ಸಂಜೆಗಳು ಮಾತ್ರ, ಅಂದು ಕುಳಿತು ನೋಡಿದವರೊಡನೆಯೇ ಹೊರಟುಹೋದವು. ರಂಗಕಲಾವಿದರ ಬಾಳಿಗೆ ಇರುವ ಶಾಪವೇ ಇದು: ಕವಿಯ ಕಾವ್ಯ ಉಳಿಯುತ್ತದೆ, ಶಿಲ್ಪಿಯ ವಿಗ್ರಹ ಉಳಿಯುತ್ತದೆ, ನಟನ ಸಂಜೆ ಉಳಿಯುವುದಿಲ್ಲ. ಅಂಥ ಶಾಪದಿಂದ ಫರಾರಳು ಎರಡು ತುಂಡುಗಳನ್ನಾದರೂ ತಪ್ಪಿಸಿ ನಮಗೆ ಕೊಟ್ಟುಹೋದಳು. ಸಂತೆಯ ವಿನೋದವೆಂದು ಹಳಿಸಿಕೊಂಡ ಯಂತ್ರದ ಮುಂದೆ ನಿಲ್ಲಲು ಅವಳು ನಾಚಿದ್ದರೆ, ಅವುಗಳಲ್ಲಿ ಒಂದು ನಮಗೆ ದೊರೆಯುತ್ತಲೇ ಇರಲಿಲ್ಲ.

ಅನುಕೂಲವುಳ್ಳವರು ಮೊದಲು ಅವಳ 'ಬಟರ್‌ಫ್ಲೈ' ಗಾನಮುದ್ರಿಕೆಯನ್ನು ಕಣ್ಣುಮುಚ್ಚಿ ಕೇಳಲಿ. ಅನಂತರ 'ಜೋನ್' ಚಿತ್ರದ ಕೊನೆಯ ಭಾಗವನ್ನು ವಾದ್ಯವನ್ನೂ ನಿಲ್ಲಿಸಿ ಮೌನವಾಗಿ ನೋಡಲಿ. ಕೇಳಿದ ದನಿ, ಕಂಡ ಮುಖ ಎರಡೂ ಮನಸ್ಸಿನಲ್ಲಿ ತಾವಾಗಿಯೇ ಒಂದನ್ನೊಂದು ಹುಡುಕಿಕೊಂಡು ಹೋಗುವುದನ್ನು ಅವರು ಅನುಭವದಿಂದಲೇ ತಿಳಿದಾರು.